ಜೋಡಿ ಚೀಟಿ

ಬಲಗಾಲು ಎಂದು ಓದಿದ ಮೇಲೆ ಅವಳು ಮೂರು ಸಲ ಎದ್ದು ಹೋಗಿ ನೀರು ಕುಡಿದು ಬಂದಳು. ಬಾಯಾರಿಕೆಯೇನೂ ಇರಲಿಲ್ಲ. ನೀರಿನ ಕ್ಯಾನು ಇದ್ದದ್ದು ಕೋಣೆಯ ಆ ತುದಿಯಲ್ಲಿ. ಅಲ್ಲಿಗೆ ಹೋಗಿ ಬರುವಷ್ಟು ಹೊತ್ತು ಪರದೆಯ ಮೇಲಿನ ಆ ಸಾಲು ಕಣ್ಣಿಗೆ ಬೀಳುವುದಿಲ್ಲವಲ್ಲ ಎನ್ನುವುದೊಂದೇ ಸಮಾಧಾನ. ತಿರುಗಿ ಬಂದರೆ ಅದು ಕರೆಯದೆ ಬಂದ ನೆಂಟನ ಹಾಗೆ ಅಲ್ಲೇ ಕೂತಿರುತ್ತಿತ್ತು. ಗಡಿ ಠಾಣೆಯ ಹವಾಲ್ದಾರರು ಬೆಳಿಗ್ಗೆ ಏಳೂವರೆಗೆ ಕಳಿಸಿದ ವರದಿ. ಪಟ್ಟಿಯಲ್ಲಿರುವ ವ್ಯಕ್ತಿಯನ್ನು ಗೇಟಿನಲ್ಲಿ ತಡೆಯಲಾಗಿದೆ. ವಯಸ್ಸು ಐವತ್ತರ ಆಸುಪಾಸು. ಜೊತೆಯಲ್ಲಿ ಭಾರವಾದ ಒಂದು ಮರದ ಪೆಟ್ಟಿಗೆ, ಮುಟ್ಟಲು ಬಿಡುತ್ತಿಲ್ಲ. ಬಲಗಾಲು ಕುಂಟು. ಜೋಡಿ ಚೀಟಿಯಾದ್ದರಿಂದ ಪೆಟ್ಟಿಗೆ ತೆರೆಯದೆ, ಹೆಚ್ಚು ವಿಚಾರಿಸದೆ, ಸಂಜೆ ನಾಲ್ಕಕ್ಕೆ ಆಚೆ ದೇಶದ ಗಾಡಿ ಬಂದಾಗ ಒಪ್ಪಿಸಲಾಗುವುದು.

ಅವಳ ಚೀಟಿಯಲ್ಲಿ ಇದ್ದದ್ದು ಎಡಗಾಲು. ಗಡಿಯಲ್ಲಿ ಯಾರ ಮೇಲೆ ಕಣ್ಣಿಡಬೇಕೆಂದು ಎರಡು ದೇಶಗಳು ಒಂದಕ್ಕೊಂದು ಕಳಿಸಿಕೊಳ್ಳುವ ಚೀಟಿ; ಇದನ್ನು ಅವಳೇ ಟೈಪು ಮಾಡಿದ್ದಳು, ಐದು ತಿಂಗಳ ಹಿಂದೆ. ಯಾರೋ ಹೆಸರು ಹೇಳದ ಗಂಡಸು ಫೋನ್ ಮಾಡಿ, ಆರು ತಿಂಗಳಿಗೊಮ್ಮೆ ಒಬ್ಬ ಕುಂಟ ಗಡಿ ದಾಟಿ ಹೋಗಿ ಬರುತ್ತಾನೆ, ಜೊತೆಗೆ ಒಂದು ಪೆಟ್ಟಿಗೆ, ಎತ್ತಿಕೊಡ್ತೀನಿ ಅಂದರೆ ಹಾವು ಮೆಟ್ಟಿದವನ ಹಾಗೆ ಕೂಗ್ತಾನೆ, ಅದರಲ್ಲಿ ಏನಿದೆಯೋ ನೀವೇ ನೋಡಿ ಎಂದು ಹೇಳಿ ಇಟ್ಟುಬಿಟ್ಟಿದ್ದ. ಅಷ್ಟೇ. ಯಾವ ಕಾಲು ಎಂದು ಅವನು ಹೇಳಿರಲಿಲ್ಲ. ಆದರೆ ಮೆಷಿನ್ನಿನ ಫಾರಮ್ಮಿನಲ್ಲಿ ಕುಂಟು ಎಂದು ಗುರುತು ಹಾಕಿದರೆ ಕೆಳಗೆ ಎರಡು ಪುಟ್ಟ ಚೌಕ ಬರುತ್ತಿದ್ದವು, ಎಡ ಮತ್ತು ಬಲ. ಗೊತ್ತಿಲ್ಲ ಎನ್ನುವ ಚೌಕ ಇರಲಿಲ್ಲ. ಎರಡರಲ್ಲಿ ಒಂದನ್ನು ಒತ್ತದೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಅವತ್ತು ಅವಳು ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ, ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ಇಷ್ಟೂ ಗೊತ್ತಿಲ್ಲವಾ ಎಂದುಕೊಂಡಾರು ಎಂದು ಸುಮ್ಮನಾದಳು. ಬೆರಳು ತಾನಾಗಿ ಎಡಕ್ಕೆ ಹೋಯಿತು. ಅವಳಿಗೆ ಗೊತ್ತಿದ್ದ ಕುಂಟು ಒಂದೇ. ಅಪ್ಪನದು. ಅಪ್ಪ ಇದೇ ಕಚೇರಿಯ ಗೇಟಿನಲ್ಲಿ ಕಾವಲುಗಾರನಾಗಿದ್ದ. ಮೆಟ್ಟಿಲು ಹತ್ತುವಾಗ ಎಡಗಾಲನ್ನು ತೊಡೆ ಹಿಡಿದು ಎತ್ತಿ, ಯಾರದೋ ಸಾಮಾನು ಇಡುವ ಹಾಗೆ ಮೇಲಿನ ಮೆಟ್ಟಿಲಿಗೆ ಇಡುತ್ತಿದ್ದ. ಸ್ಕೂಲಿನ ಅಂಗಳದಲ್ಲಿ ಒಬ್ಬಳು ಹುಡುಗಿ ಅಪ್ಪನ ನಡಿಗೆ ನಡೆದು ತೋರಿಸಿದ್ದಳು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ, ತನ್ನ ಅಪ್ಪನದೆಂದು ಗೊತ್ತಾಗದಿರಲಿ ಎಂದು. ಅದು ಎಲ್ಲರಿಗೂ ಗೊತ್ತಿತ್ತು. ಅದಾದ ಮೂರು ತಿಂಗಳಿಗೆ ಅಪ್ಪ ಹಾಸಿಗೆ ಹಿಡಿದ, ಅವಳು ಸ್ಕೂಲು ಬಿಟ್ಟಳು. ಆ ನಗು ಮಾತ್ರ ಇನ್ನೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಎಡವೋ ಬಲವೋ, ಅದೊಂದು ಕೈತಪ್ಪು ಎಂದುಕೊಂಡಿದ್ದರೆ ಅವಳು ಇಷ್ಟು ನೀರು ಕುಡಿಯುತ್ತಿರಲಿಲ್ಲ. ಅವಳನ್ನು ಮತ್ತೆ ಮತ್ತೆ ಎಬ್ಬಿಸಿದ್ದು ಬೇರೆಯದು. ಆ ಚೀಟಿಯನ್ನು ಅವಳು ನಿಯಮದಂತೆ ಆಚೆ ದೇಶಕ್ಕೆ ಕಳಿಸಿದ್ದಳು. ತಿಂಗಳೊಪ್ಪತ್ತಿಗೆ ಆಚೆಯಿಂದ ಬಂದ ಪಟ್ಟಿಯಲ್ಲಿ ಅದೇ ಮನುಷ್ಯ ಇದ್ದ. ಆರು ತಿಂಗಳಿಗೊಮ್ಮೆ ದಾಟುವವನು, ಪೆಟ್ಟಿಗೆ, ಎಡಗಾಲು ಕುಂಟು. ಎರಡು ದೇಶ, ಎರಡು ಬಾಯಿ, ಒಂದೇ ಮಾತು. ಕಚೇರಿಯಲ್ಲಿ ಒಬ್ಬರೇ ಹೇಳಿದ್ದಕ್ಕೆ ಒಂಟಿ ಚೀಟಿ ಎನ್ನುತ್ತಿದ್ದರು. ಒಂಟಿಯವನನ್ನು ಗೇಟಿನಲ್ಲಿ ನಿಲ್ಲಿಸಿ, ಸಾಮಾನು ನೋಡಿ, ನಾಲ್ಕು ಮಾತು ಕೇಳಿ ಬಿಡಬೇಕು. ಎರಡು ಕಡೆಯಿಂದ ಬಂದರೆ ಜೋಡಿ. ಜೋಡಿಯವನನ್ನು ಬಿಡುವ ಹಾಗಿಲ್ಲ, ಎರಡೂ ದೇಶದವರು ಸೇರಿ ತೊಂಬತ್ತು ದಿನ ಇಟ್ಟುಕೊಂಡು ವಿಚಾರಿಸುತ್ತಾರೆ, ಇನ್ನೂ ಏಳು ದೇಶಗಳಿಗೆ ಚೀಟಿ ತಾನಾಗಿ ಹೋಗುತ್ತದೆ. ಆ ಎರಡು ಕಾಗದವನ್ನು ಪಕ್ಕಪಕ್ಕದಲ್ಲಿಟ್ಟು ಜೋಡಿ ಮಾಡಿದವಳು ಅವಳು. ಆದರೆ ಎಡಗಾಲು ಎನ್ನುವುದು ಈ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಅವಳ ಬೆರಳಿನಲ್ಲಿ. ಆಚೆಯವರು ಅದನ್ನು ಬೇರೆ ಎಲ್ಲಿಂದ ತಂದಾರು?

ಹಾಗಾದರೆ ಅವರು ಹೇಳಿದ್ದು ಅವಳು ಹೇಳಿದ್ದನ್ನೇ. ಎರಡು ಬಾಯಿ ಇರಲೇ ಇಲ್ಲ. ಬೆಟ್ಟದ ಎದುರು ನಿಂತು ಕೂಗಿ, ಆಚೆಯಿಂದಲೂ ಯಾರೋ ಕೂಗುತ್ತಿದ್ದಾರೆ ಎಂದು ಖುಷಿಪಟ್ಟ ಹಾಗೆ.

ಖುಷಿಪಟ್ಟದ್ದು ನಿಜ. ಆ ಜೋಡಿ ಮಾಡಿದ್ದಕ್ಕೆ ಅವಳಿಗೆ ಒಂದು ಪ್ರಶಂಸಾ ಪತ್ರ ಸಿಕ್ಕಿತ್ತು. ಮೇಡಂ ಎಲ್ಲರ ಮುಂದೆ ನಿಲ್ಲಿಸಿ, ಓದಿದವರ ಕಣ್ಣಿಗೆ ಬೀಳದ್ದು ಈ ಹುಡುಗಿಯ ಕಣ್ಣಿಗೆ ಬಿತ್ತು ನೋಡಿ ಎಂದಿದ್ದರು. ಹೊಗಳಿದರೋ ಕುಟುಕಿದರೋ ಅವಳಿಗೆ ತಿಳಿದಿರಲಿಲ್ಲ, ಆದರೂ ಕಿವಿ ಬಿಸಿಯಾಗಿತ್ತು. ಅಮ್ಮ ಆ ಪತ್ರಕ್ಕೆ ಕಟ್ಟು ಹಾಕಿಸಿ ಕನ್ನಡಿಯ ಪಕ್ಕದಲ್ಲಿ ತೂಗುಹಾಕಿದ್ದಳು. ಮೊದಲೆಲ್ಲ ಅಮ್ಮನಿಗೆ ಮಗಳ ಕೆಲಸ ಏನೆಂದೇ ಅರ್ಥವಾಗುತ್ತಿರಲಿಲ್ಲ. “ಇಲ್ಲಿ ಕೇಳಿದ್ದನ್ನ ಅಲ್ಲಿಗೆ ಹೇಳೋದು, ಅಲ್ಲಿ ಕೇಳಿದ್ದನ್ನ ಇಲ್ಲಿಗೆ ಹೇಳೋದು, ಅಷ್ಟೇನಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ? ನಮ್ಮ ಕೆಳಗಿನ ಮನೆಯವಳು ಪುಕ್ಕಟೆ ಮಾಡ್ತಾಳಲ್ಲೇ!” ಎನ್ನುತ್ತಿದ್ದಳು. ಪತ್ರ ಬಂದ ಮೇಲೆ ಆ ಕೆಳಗಿನ ಮನೆಯವಳನ್ನೇ ಕರೆದು ತೋರಿಸಿದ್ದಳು. ಈಗ ಹೋಗಿ ಹೇಳುವುದೇನು? ಅಮ್ಮಾ, ಆ ಕಟ್ಟು ಇಳಿಸು?

ಹತ್ತೂವರೆಗೆ ಮೇಡಂ ಬಂದರು. ಬಂದವರೇ ಬಾಗಿಲಲ್ಲಿ ನಿಂತು, “ಗೇಟಿನ ವರದಿ ನೋಡಿದೆಯಾ? ನಿನ್ನ ಮನುಷ್ಯ ಸಿಕ್ಕಿಬಿದ್ದಿದ್ದಾನೆ!” ಎಂದು ನಕ್ಕರು. ಅವರು ನಗುವುದು ಅಪರೂಪ. ಎರಡು ವರ್ಷದ ಹಿಂದೆ ಆಚೆಯಿಂದ ಬಂದ ಒಂದು ಒಂಟಿ ಚೀಟಿ ಅವರ ಮೇಜಿನ ಮೇಲೆ ಕಾಗದ ಇಡುವ ತಟ್ಟೆಯಲ್ಲಿ ಎರಡು ದಿನ ಮಲಗಿತ್ತು. ಮೂರನೆಯ ದಿನ ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಒಂಬತ್ತು ಜನ ಸತ್ತರು. ಆಮೇಲೆ ಮೇಡಂ ತಟ್ಟೆಯನ್ನೇ ಎಸೆದುಬಿಟ್ಟಿದ್ದರು. ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡುತ್ತಿದ್ದರು, ಊಟದ ಹೊತ್ತಿನಲ್ಲೂ. ಹಾಗೆಂದು ಎಲ್ಲವೂ ಸೋಲೇ ಆಗಿರಲಿಲ್ಲ. ಕಳೆದ ಚಳಿಗಾಲದಲ್ಲಿ ರೈಲು ನಿಲ್ದಾಣದ ಒಂದು ಬೀಗದ ಪೆಟ್ಟಿಗೆಯಲ್ಲಿ ಇಟ್ಟ ಚೀಲ ಸಿಕ್ಕಿದ್ದು ಆಚೆಯವರು ಕಳಿಸಿದ ಎರಡು ಸಾಲಿನಿಂದ. ಅವತ್ತು ಸಂಜೆ ಸಾವಿರಾರು ಜನ ಏನೂ ಗೊತ್ತಾಗದೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ರೇಗಿ ಊಟ ಮಾಡಿ ಮಲಗಿದರು. ಆ ಜನರ ನಡುವೆಯೇ ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಾಗ ಅವಳಿಗೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಬೇಕೆನಿಸಿತ್ತು. ಅದಕ್ಕೇ ಈಗ ಇನ್ನಷ್ಟು ಹೆದರಿಕೆ. ಈ ಕುಂಟನ ಪೆಟ್ಟಿಗೆಯಲ್ಲೂ ಏನಾದರೂ ಇದ್ದರೆ?

“ಮೇಡಂ, ಒಂದು... ಕಾಲು ಬೇರೆ ಇದೆ,” ಎಂದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಏನಮ್ಮ? ಗಟ್ಟಿಯಾಗಿ ಹೇಳು. ಇರುವೆ ಮಾತಾಡಿದ ಹಾಗೆ ಮಾತಾಡಬೇಡ.”

“ಚೀಟಿಯಲ್ಲಿ ಎಡಗಾಲು ಅಂತಿದೆ. ಇವರದು ಬಲಗಾಲು.”

ಮೇಡಂ ಬಗ್ಗಿ ಪರದೆ ನೋಡಿದರು. ಅವರ ಕೂದಲಿನಿಂದ ಸೋಪಿನ ವಾಸನೆ ಬಂತು. “ಅಷ್ಟೇನಾ? ಎದುರಿಗೆ ನಿಂತು ನೋಡಿದವರಿಗೆ ಎಡ ಬಲ ತಿರುಗಾಮುರುಗಾ ಆಗುತ್ತೆ. ತಿದ್ದಿಬಿಡು. ನಾಲ್ಕಕ್ಕೆ ಗಾಡಿ ಬರೋದರೊಳಗೆ ಕಾಗದ ಶುದ್ಧವಾಗಿರಲಿ,” ಎಂದು ಹೇಳಿ ಒಳಗೆ ಹೋದರು.

ಎದುರಿಗೆ ನಿಂತು ನೋಡಿದವರು ಯಾರೂ ಇಲ್ಲ ಮೇಡಂ ಎನ್ನುವ ಮಾತು ಬಾಯಿಯವರೆಗೆ ಬಂದು, ಹಲ್ಲಿನ ಹಿಂದೆ ಕೂತು, ತಿರುಗಿ ಹೋಯಿತು. ತಿದ್ದುವುದು ಎಷ್ಟು ಸುಲಭ. ಗೇಟಿನವರು ಕಳಿಸಿದ ಹೆಸರು ಸೇರಿಸಿ, ಎಡದ ಚೌಕದಲ್ಲಿದ್ದ ಗುರುತನ್ನು ಬಲಕ್ಕೆ ಸರಿಸಿದರೆ ಮುಗಿಯಿತು. ಪ್ರಶಂಸಾ ಪತ್ರ ಗೋಡೆಯ ಮೇಲೆ, ಮೇಡಂ ಮುಖದಲ್ಲಿ ನಗು, ಅವಳ ಕೆಲಸ ಅವಳಿಗೆ. ಅವಳು ಪರದೆಯ ಬಾಣವನ್ನು ಚೌಕದ ಮೇಲೆ ತಂದು ನಿಲ್ಲಿಸಿದಳು. ಗಡಿ ಗೇಟಿನ ಆ ಕೋಣೆ ಅವಳು ನೋಡಿದ್ದಳು, ಒಮ್ಮೆ ಕಾಗದ ಕೊಡಲು ಹೋದಾಗ: ಒಂದು ಬೆಂಚು, ಗೋಡೆಯಲ್ಲಿ ಅಷ್ಟೆತ್ತರಕ್ಕೆ ಒಂದು ಕಿಟಕಿ, ಬೆಂಚಿನ ಮೇಲೆ ಕೂತವರ ಬೆನ್ನು ತಾಗಿ ತಾಗಿ ಸುಣ್ಣ ಸವೆದು ಹೋದ ಜಾಗ. ಅಲ್ಲಿ ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಕೂತಿದ್ದಾನೆ. ಬಲಗಾಲು ಚಾಚಿಕೊಂಡಿರಬಹುದು, ಕುಂಟುವವರಿಗೆ ಮಡಚಿ ಕೂರುವುದು ಕಷ್ಟ, ಅಪ್ಪನನ್ನು ನೋಡಿ ಅವಳಿಗೆ ಗೊತ್ತು. ನಾನೇನು ಮಾಡಲಿ, ಮೇಡಂ ಹೇಳಿದ್ದಾರೆ, ಎಂದುಕೊಂಡು ಒತ್ತಿದಳು. ದಾಖಲೆ ಸರಿಪಡಿಸಲಾಗಿದೆ ಎಂದು ಹಸಿರು ಅಕ್ಷರ ಬಂತು. ಹೆಸರಿಗೂ ಚೌಕದ ಗುರುತಿಗೂ ಅನುವಾದ ಬೇಕಿರಲಿಲ್ಲ, ಅವು ತಾನಾಗಿ ಆಚೆಗೆ ಹೋಗುತ್ತಿದ್ದವು. ಒಂದು ಕ್ಷಣ ಮೈ ಹಗುರಾಯಿತು. ಆಮೇಲೆ ಆ ಹಗುರವೇ ಅಸಹ್ಯವೆನಿಸಿತು, ಬಚ್ಚಲಲ್ಲಿ ಬೇರೆಯವರು ಬಿಟ್ಟುಹೋದ ಒದ್ದೆ ಬಟ್ಟೆಯ ಮೇಲೆ ಕಾಲಿಟ್ಟ ಹಾಗೆ.

ಊಟದ ಹೊತ್ತಿಗೆ ಅವಳು ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಎದುರಿಗೆ ಅನುವಾದದ ಮೇಷ್ಟ್ರು ಕೂತಿದ್ದರು. ಆಚೆಯವರ ಭಾಷೆ ಕಚೇರಿಯಲ್ಲಿ ಅವರೊಬ್ಬರಿಗೇ ಬರುತ್ತಿದ್ದದ್ದು; ಹೋಗುವ ಚೀಟಿಯನ್ನು ಆ ಭಾಷೆಗೆ ತಿರುಗಿಸಿ, ಬರುವುದನ್ನು ಈ ಭಾಷೆಗೆ ತಿರುಗಿಸಿ, ಮೂವತ್ತು ವರ್ಷದಿಂದ ಅವರ ಬೆನ್ನೇ ಒಂದು ಕಡೆ ತಿರುಗಿಹೋಗಿತ್ತು. ಇನ್ನು ಎಂಟು ತಿಂಗಳಿಗೆ ನಿವೃತ್ತಿ. ಅವಳನ್ನು ಗುಬ್ಬಿ ಎಂದು ಕರೆಯಲು ಶುರುಮಾಡಿದ್ದು ಅವರೇ, ಈಗ ಇಡೀ ಕಚೇರಿ ಹಾಗೇ ಕರೆಯುತ್ತಿತ್ತು.

“ಏನು ಗುಬ್ಬಿ, ಉಪವಾಸವಾ? ಕಳ್ಳನನ್ನ ಹಿಡಿದವರು ಸಿಹಿ ಹಂಚಬೇಕು, ಮುಖ ಊದಿಸಿಕೊಂಡು ಕೂರಬಾರದು.”

“ಕಳ್ಳ ಅಂತ ಯಾರು ಹೇಳಿದ್ದು ಸರ್?”

“ಎರಡು ದೇಶ ಹೇಳ್ತಾ ಇದೆಯಲ್ಲಮ್ಮ. ನನ್ನ ಹೆಂಡತಿ ಒಬ್ಬಳು ಹೇಳಿದರೇ ನಾನು ಒಪ್ಕೊಂಡುಬಿಡ್ತೀನಿ.”

ಅವಳು ನಗಲಿಲ್ಲ. ಅವರು ಕೈ ತೊಳೆದುಕೊಂಡು ಬಂದು ತಮ್ಮ ಮೆಷಿನ್ನಿನ ಮುಂದೆ ಕೂತು ಕನ್ನಡಕ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ, “ಓಹೋ, ಆಚೆಯವರು ಎಷ್ಟು ಚುರುಕು ನೋಡು,” ಎಂದು ಗಟ್ಟಿಯಾಗಿ ಓದಿದರು. “ಕುಂಟನ ವಿಷಯ. ತಿದ್ದುಪಡಿ. ಎಡಗಾಲು ಅಲ್ಲ, ಬಲಗಾಲು. ನಮ್ಮ ಕಡೆಯಿಂದಲೂ ಖಚಿತ.”

ಅವಳು ತಲೆಯೆತ್ತಿ ಗಡಿಯಾರ ನೋಡಿದಳು. ಒಂದೂಮುಕ್ಕಾಲು. ಅವಳು ಚೌಕ ಒತ್ತಿದ್ದು ಹನ್ನೊಂದಕ್ಕೆ. ಎರಡೂಮುಕ್ಕಾಲು ಗಂಟೆಯಲ್ಲಿ ಅವಳ ಬೆರಳಿನಿಂದ ಹೊರಟದ್ದು ಆಚೆ ಹೋಗಿ, ಅಲ್ಲಿಯ ಮುದ್ರೆ ಒತ್ತಿಸಿಕೊಂಡು, ಖಚಿತವಾಗಿ ವಾಪಸ್ ಬಂದಿತ್ತು. ನಾಳೆ ಅವಳು ಆ ಮನುಷ್ಯನಿಗೆ ಎರಡು ಕೊಂಬಿವೆ ಎಂದು ಬರೆದರೆ, ಊಟ ಮುಗಿಯುವುದರೊಳಗೆ ಕೊಂಬೂ ಖಚಿತವಾಗುತ್ತದೆ. ಕೋಣೆಯ ಫ್ಯಾನು ತಿರುಗುತ್ತಿತ್ತು, ಯಾರೋ ಕಾಗದಕ್ಕೆ ಪಿನ್ನು ಹೊಡೆಯುತ್ತಿದ್ದರು, ಎಲ್ಲವೂ ದಿನದ ಹಾಗೇ ಇತ್ತು. ಅವಳು ಎದ್ದು ನಿಂತದ್ದು ಅವಳಿಗೆ ಗೊತ್ತಾದದ್ದು ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿನಿಂದ.

“ಸರ್, ಅದು ನಂದು.”

“ಯಾವುದು?”

“ಬಲಗಾಲು. ಬೆಳಿಗ್ಗೆ ನಾನೇ ತಿದ್ದಿದ್ದು. ಎಡಗಾಲೂ ನಂದೇ. ಫೋನು ಮಾಡಿದವರು ಕಾಲು ಹೇಳಿರಲಿಲ್ಲ. ನಾನು ಸುಮ್ಮನೆ ಒತ್ತಿದ್ದೆ. ಅವರು... ಅವರಿಗೆ ಏನೂ ಗೊತ್ತಿಲ್ಲ ಸರ್. ನಾವು ಹೇಳಿದ್ದನ್ನೇ ನಮಗೆ ಹೇಳ್ತಾ ಇದ್ದಾರೆ.”

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಹಳೆಯ ಕಡತ ತೆಗೆದು ಐದು ತಿಂಗಳ ಹಿಂದೆ ಹೋದದ್ದನ್ನೂ ಆಮೇಲೆ ಬಂದದ್ದನ್ನೂ ಪಕ್ಕಪಕ್ಕ ಇಟ್ಟುಕೊಂಡರು. ಅವರ ಬೆರಳು ಸಾಲಿನ ಕೆಳಗೆ ನಿಧಾನವಾಗಿ ಹರಿಯಿತು. ಒಂದು ಕಡೆ ನಿಂತಿತು. “ಹಾವು ಮೆಟ್ಟಿದವನ ಹಾಗೆ ಕೂಗುತ್ತಾನೆ,” ಎಂದು ಓದಿದರು. “ಇದು ಆಚೆಯಿಂದ ಬಂದಾಗ ನಾನು ಏನಂದುಕೊಂಡೆ ಗೊತ್ತಾ? ಅವರ ಭಾಷೆಯಲ್ಲೂ ನಮ್ಮ ಹಾಗೇ ಮಾತಾಡ್ತಾರಲ್ಲ, ಮನುಷ್ಯರು ಎಲ್ಲಾ ಕಡೆ ಒಂದೇ ಅಂತ. ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದೆ. ಅದು ನನ್ನದೇ ಅನುವಾದ ಕಣಮ್ಮ. ನಾನೇ ಕಳಿಸಿ, ನಾನೇ ವಾಪಸ್ ತಂದು, ನಾನೇ ಮೆಚ್ಚಿಕೊಂಡಿದ್ದೀನಿ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಬರಿಗಣ್ಣು ಸಣ್ಣ ಹುಡುಗನ ಕಣ್ಣಿನ ಹಾಗಿತ್ತು. ತನ್ನೊಬ್ಬಳದೇ ಎಂದು ಬೆಳಿಗ್ಗೆಯಿಂದ ಹೊತ್ತಿದ್ದ ಹೊರೆಯ ಒಂದು ತುದಿಯನ್ನು ಯಾರೋ ಹಿಡಿದಂತೆ ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಮುದುಕರ ಮುಖ ಹಾಗೆ ಬಾಡಿರುವಾಗ ತನಗೆ ಹಗುರವಾಗಬಹುದೇ?

“ಹೇಳದೆ ಇರಬಹುದು,” ಎಂದರು ಮೇಷ್ಟ್ರು, ಎರಡೂ ಕಾಗದವನ್ನು ಜೋಡಿಸಿ ಕೈಯಲ್ಲಿ ಹಿಡಿದು. “ನನಗೆ ಎಂಟು ತಿಂಗಳು ಇದೆ. ನಿನಗೆ ಇಡೀ ಜೀವನ ಇದೆ. ಯಾರಿಗೂ ಗೊತ್ತಾಗಲ್ಲ.”

ಅವಳು ಎರಡೂ ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡಳು. ಅವರು ಕೊಟ್ಟರು. ಎದ್ದು ಅವಳ ಹಿಂದೆ ಬಂದರು.

ಮೇಡಂ ಕೋಣೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಹೇಗೆ ಹೇಳಿದಳೆಂದು ಆಮೇಲೆ ನೆನಪಾಗಲಿಲ್ಲ. ಮೇಜಿನ ಗಾಜಿನ ಕೆಳಗಿದ್ದ ಒಂದು ಹಳೆಯ ವೇಳಾಪಟ್ಟಿಯನ್ನು ನೋಡುತ್ತಾ ಹೇಳಿದ್ದು ಮಾತ್ರ ನೆನಪು. ಮೇಡಂ ಮುಖ ಕೆಂಪಾಯಿತು, ಆಮೇಲೆ ಬಣ್ಣವೇ ಇಳಿದುಹೋಯಿತು.

“ಪ್ರಶಂಸಾ ಪತ್ರಕ್ಕೆ ನನ್ನ ಸಹಿ ಇದೆ. ಗೊತ್ತಾ ನಿನಗೆ?”

“ಗೊತ್ತು ಮೇಡಂ.”

“ನೀನು ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ಹೆದರಿಕೆ ಆಯ್ತು.”

“ಈಗ ಆಗ್ತಾ ಇಲ್ವಾ?”

“ಈಗಲೂ ಆಗ್ತಾ ಇದೆ.”

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದು. ಬೆನ್ನು ತಿರುಗಿಸಿಕೊಂಡೇ ಕೇಳಿದರು. “ಅವನು ಒಳ್ಳೆಯವನು ಅಂತ ನಿನಗೆ ಗೊತ್ತಾ? ಬಿಟ್ಟ ಮೇಲೆ ಎಲ್ಲೋ ಏನೋ ಆಗಿಬಿಟ್ಟರೆ? ಆ ಒಂಬತ್ತು ಜನರ ಮುಖ ನನಗೆ ಕಣ್ಣು ಮುಚ್ಚಿದರೆ ಬರುತ್ತೆ. ನಿನಗೂ ಬರಬೇಕಾ?”

ಇದೇ ಪ್ರಶ್ನೆಯನ್ನು ಅವಳು ಬೆಳಿಗ್ಗೆಯಿಂದ ನೀರಿನ ಜೊತೆ ನುಂಗುತ್ತಿದ್ದಳು.  ಈಗ ಬಾಯಿ ತೆರೆದಾಗ ಮಾತು ಬಂತು. “ಒಳ್ಳೆಯವರೋ ಕೆಟ್ಟವರೋ ಗೊತ್ತಿಲ್ಲ ಮೇಡಂ. ನಮಗೆ ಗೊತ್ತಿರೋದು ಒಂದು ಫೋನು. ಒಂಟಿಗೆ ಏನು ಮಾಡಬೇಕೋ ಅದನ್ನ ಸರಿಯಾಗಿ ಮಾಡೋಣ. ಪೆಟ್ಟಿಗೆ ತೆಗೆಸಿ ನೋಡೋಣ. ಇವತ್ತು ಬೆಳಿಗ್ಗೆಯಿಂದ ಅದನ್ನ ಯಾರೂ ತೆಗೆದೇ ಇಲ್ಲ. ಎರಡು ದೇಶ ಹೇಳಿದೆ ಅಂತ ಎಲ್ಲರೂ ನಂಬಿಕೊಂಡು ಕೂತಿದ್ದಾರೆ.” ಕೈಯಲ್ಲಿದ್ದ ಎರಡೂ ಕಾಗದವನ್ನು ಮೇಜಿನ ಮೇಲಿಟ್ಟು ಹೇಳಿದಳು, “ಹೀಗೇ ಆದರೆ, ನಿಜವಾಗಲೂ ಇಬ್ಬರು ಹೇಳಿದ ದಿನವೂ ಯಾವುದು ನಿಜ ಅಂತ ನಮಗೆ ಗೊತ್ತಾಗಲ್ಲ.”

ಮೇಡಂ ತಿರುಗಿ ಅವಳನ್ನು ನೋಡಿದರು. ಇಷ್ಟು ಮಾತು ಅವಳ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಮೇಡಂ ಫೋನೆತ್ತಿ ಗೇಟಿಗೆ, ಪೆಟ್ಟಿಗೆ ತೆರೆಸಿ ಎಂದರು. ಇಟ್ಟು, “ಈಗ ಆಚೆಗೆ,” ಎಂದರು. “ಗಾಡಿ ಹೊರಟಿರುತ್ತೆ. ಕಾಗದ ಬರೀತಾ ಕೂತರೆ ನಾಲ್ಕಾಗುತ್ತೆ. ಆದರೆ ಯಾರು ಹೇಳಿದ್ದು ಅಂತ ಆಚೆಯವರನ್ನ ಕೇಳೋ ಹಾಗಿಲ್ಲ. ಅದು ಮೊದಲನೇ ನಿಯಮ. ಅವರ ಬಾತ್ಮೀದಾರರ ಜೀವದ ಪ್ರಶ್ನೆ.”

“ಯಾರು ಅಂತ ಬೇಡ ಮೇಡಂ. ನಮ್ಮಿಂದ ಬಂದದ್ದಾ, ನಿಮ್ಮದೇನಾ, ಅಷ್ಟೇ ಕೇಳೋಣ.”

ಆಚೆಯ ಕಚೇರಿಯಲ್ಲಿ ಈ ಕೆಲಸ ನೋಡುವವರು ಹದಿನಾಲ್ಕನೆಯ ಮೇಜು ಎಂದೇ ಅವಳಿಗೆ ಗೊತ್ತಿದ್ದದ್ದು. ಪ್ರತಿ ಕಾಗದದ ಕೊನೆಯಲ್ಲಿ ಆ ಅಂಕಿ ಇರುತ್ತಿತ್ತು. ಎರಡು ವರ್ಷ ಆ ಅಂಕಿಯ ಹಿಂದೆ ಅವಳು ಒಬ್ಬ ದಪ್ಪ ಮೀಸೆಯ ಗಂಡಸನ್ನು ಕೂರಿಸಿದ್ದಳು, ಎಲ್ಲ ಗೊತ್ತಿರುವವನು, ತಪ್ಪೇ ಮಾಡದವನು. ಫೋನಿನಲ್ಲಿ ಬಂದದ್ದು ಒಂದು ಹೆಣ್ಣು ದನಿ, ಶೀತವಾಗಿ ಮೂಗು ಕಟ್ಟಿದ್ದು. ಮೇಷ್ಟ್ರು ಸ್ಪೀಕರ್ ಹಾಕಿ ಅವಳ ಕಡೆ ನೋಡಿದರು. “ಹೇಳು. ಒಂದು ಸಲ ನನ್ನ ಬಾಯಿಂದ ಆಚೆ ಹೋದರೆ ಮತ್ತೆ ಹಿಡಿಯೋಕಾಗಲ್ಲ.” ಅವಳು ಒಂದೊಂದೇ ವಾಕ್ಯ ಹೇಳಿದಳು, ಅವರು ಒಂದೊಂದೇ ವಾಕ್ಯ ದಾಟಿಸಿದರು. ಯಾವ ವಾಕ್ಯದಲ್ಲಿ ಯಾವ ಮಾತು ಹೋಗುತ್ತಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ನಾನೇ ತಪ್ಪು ಮಾಡಿದ್ದು ಎನ್ನುವಲ್ಲಿ ಮೇಷ್ಟ್ರ ದನಿ ಸ್ವಲ್ಪ ಇಳಿಯಿತು. ಆಮೇಲೆ ಅವರು ಅವಳು ಹೇಳದ ಒಂದು ವಾಕ್ಯವನ್ನೂ ಸೇರಿಸಿದರು. ಏನೆಂದು ಕೇಳಿದಾಗ, “ತಪ್ಪು ಮಾಡಿದ್ದು ನಾವು ಅಂದೆ. ನಾನು ಅಂತ ಅನ್ನಲಿಲ್ಲ,” ಎಂದರು.

ಆ ಕಡೆ ಕಾಗದ ತಿರುವುವ ಸದ್ದು. ಯಾರೋ ಸೀನಿದರು. ಆಮೇಲೆ ಆ ಹೆಂಗಸು ಬಹಳ ವೇಗವಾಗಿ ಏನೋ ಹೇಳತೊಡಗಿದಳು. ಮೇಷ್ಟ್ರು ಕೈಯೆತ್ತಿ ತಡೆದು ತಡೆದು ಹೇಳಿದರು: “ನೀವು ಕಳಿಸಿದ್ದನ್ನ ನಮ್ಮ ಪಟ್ಟಿಗೆ ಸೇರಿಸ್ತೀವಿ. ಪಟ್ಟಿ ತಿಂಗಳಿಗೊಮ್ಮೆ ನಿಮಗೆ ಬರುತ್ತೆ, ತಿದ್ದುಪಡಿ ಇದ್ದರೆ ಅವತ್ತೇ. ಪಟ್ಟಿಯಲ್ಲಿ ಯಾವುದು ಯಾರಿಂದ ಬಂತು ಅಂತ ಜಾಗವೇ ಇಲ್ಲ. ನೀವು ಜೋಡಿ ಅಂತ ಬರೆದಾಗ ನಿಮ್ಮ ಹತ್ತಿರ ಇನ್ನೊಬ್ಬರು ಇದ್ದಾರೆ ಅಂದ್ಕೊಂಡೆ. ಕೇಳೋಕೆ ನಿಯಮ ಬಿಡಲ್ಲ. ನನಗೂ ಎರಡು ಸಲ ಅನುಮಾನ ಬಂದಿತ್ತು. ದೊಡ್ಡ ಕಚೇರಿಯವರು, ಓದಿದವರು, ನಾನು ಕೇಳಿದರೆ ನಗ್ತಾರೆ ಅಂತ ಸುಮ್ಮನಿದ್ದೆ.”

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ, ಕಣ್ಣಲ್ಲಿ ನೀರೂ ಬಂತು. ಆ ಕಡೆಯ ಹೆಂಗಸಿಗೆ ಏನು ಕೇಳಿಸಿತೋ, ಅವಳೂ ಕಟ್ಟಿದ ಮೂಗಿನಲ್ಲೇ ನಕ್ಕಳು. ಅನುವಾದ ಬೇಕಾಗಲಿಲ್ಲ. ಗಾಡಿಯನ್ನು ತಿರುಗಿಸುತ್ತೇನೆ ಎಂದಳು. ಇನ್ನು ಮುಂದೆ ನಿಮ್ಮಿಂದ ಬಂದದ್ದಕ್ಕೆ ಮೂಲೆಯಲ್ಲಿ ಒಂದು ಗುರುತು ಹಾಕುತ್ತೇನೆ, ನೀವೂ ಹಾಕಿ, ಯಾರ ಹೆಸರೂ ಬೇಡ ಎಂದಳು. ಹಳೆಯ ಜೋಡಿಗಳನ್ನೂ ಒಮ್ಮೆ ನೋಡೋಣವೇ ಎಂದು ಕೇಳಿದಳು. ಮೇಡಂ ಎಷ್ಟಿವೆ ಎಂದು ಕೇಳಿಸಿದರು. ನೂರ ಎಂಬತ್ತು. ಮೇಡಂ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ತೆರೆದು, “ನಾಳೆಯಿಂದ ದಿನಕ್ಕೆ ಹತ್ತು. ನಿಜವಾದ ಜೋಡಿ ಯಾವುದು ಅಂತ ಗೊತ್ತಾದರೆ ಅದರ ಮೇಲಾದರೂ ಕಣ್ಣಿಡಬಹುದು,” ಎಂದರು. ಆಮೇಲೆ ಅವಳಿಗೆ, “ವಿವರಣೆ ಬರೆದು ಕೊಡಬೇಕು. ಪತ್ರ ವಾಪಸ್ ತಗೋತಾರೆ. ನಿನ್ನನ್ನ ಇದೇ ಮೇಜಿನಲ್ಲಿ ಇಡ್ತಾರೋ ಇಲ್ವೋ ಹೇಳೋಕಾಗಲ್ಲ. ನಾನೂ ಬರೆದು ಕೊಡ್ತೀನಿ, ತಿದ್ದು ಅಂತ ಹೇಳಿದ್ದು ನಾನು ಅಂತ,” ಎಂದರು. ಅವಳು ತಲೆಯಾಡಿಸಿದಳು. ಅಮ್ಮನಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಲು ಹೋಗಿ ಬಿಟ್ಟುಬಿಟ್ಟಳು. ಅಮ್ಮ ಬೈಯುತ್ತಾಳೆ, ಆಮೇಲೆ ಮೊಳೆಗೆ ಬೇರೆ ಏನನ್ನಾದರೂ ತೂಗುಹಾಕುತ್ತಾಳೆ.

ಮೂರೂಕಾಲಿಗೆ ಗೇಟಿನಿಂದ ಫೋನ್ ಬಂತು. ಹವಾಲ್ದಾರರ ದನಿಯಲ್ಲಿ ಏನೋ ಸಂಕೋಚ. “ಪೆಟ್ಟಿಗೆ ತೆಗೆದ್ವಿ ಮೇಡಂ. ಅವರೇ ತೆಗೆದು ತೋರಿಸಿದ್ರು. ತೂಕದ ಬಟ್ಟು. ಹಿತ್ತಾಳೆದು, ಸಾಲಾಗಿ, ಮಖಮಲ್ ಬಟ್ಟೆಯೊಳಗೆ. ತಕ್ಕಡಿ ರಿಪೇರಿಯವರಂತೆ. ಎರಡೂ ಕಡೆಯ ಲೈಸೆನ್ಸ್ ಇದೆ. ಬರಿಗೈಲಿ ಮುಟ್ಟಿದರೆ ಬೆರಳಿನ ಜಿಡ್ಡು ಹತ್ತಿ ತೂಕ ತಪ್ಪುತ್ತಂತೆ, ಅದಕ್ಕೇ ಕೂಗೋದು. ನನಗೂ ಕೂಗಿದ್ರು. ಒಂದೊಂದನ್ನೂ ಇಕ್ಕಳದಲ್ಲಿ ಎತ್ತಿಸಿ ತಳ, ಪಕ್ಕ, ಎಲ್ಲ ನೋಡಿದ್ವಿ. ಪೇಟೆಯ ನಾಲ್ಕು ಅಂಗಡಿಯಲ್ಲಿ ವಿಚಾರಿಸಿದ್ವಿ. ಹತ್ತೊಂಬತ್ತು ವರ್ಷದಿಂದ ಗೊತ್ತು ಅಂದ್ರು. ಬಿಡೋದಾ?”

“ಬಿಡಿ,” ಎಂದರು ಮೇಡಂ. ಫೋನ್ ಇಡಲು ಹೋದವರನ್ನು ಅವಳು ತಡೆದಳು. ತಡೆದದ್ದು ಕೈ ಹಿಡಿದು. ಮೇಡಂ ಕೈಯನ್ನು ಅವಳು ಎಂದೂ ಮುಟ್ಟಿರಲಿಲ್ಲ. “ಅವರ ಹತ್ತಿರ ಮಾತಾಡಬೇಕು. ಇವತ್ತು ಬೆಳಿಗ್ಗೆ ಅವರ ಹೆಸರು ಸೇರಿಸಿದ್ದೀವಿ. ಅದು ಏಳು ದೇಶಕ್ಕೆ ಹೋಗಿದೆ.”

ಫೋನು ಕೈ ಬದಲಾದ ಸದ್ದು. ಆಮೇಲೆ ಒಂದು ಒಣಗಿದ ಗಂಡು ದನಿ. “ಯಾರಮ್ಮಾ?”

“ನಾನು... ನಿಮ್ಮ ಬಗ್ಗೆ ಬರೆದವಳು.”

ಆತ ಬೈಯಬಹುದೆಂದು ಕಾದಳು. ಬೈದರೆ ಚೆನ್ನಾಗಿತ್ತು. ಆತ ಕೇಳಿದ್ದು, “ಇವತ್ತಿಗೆ ಬಿಟ್ರಿ. ಮುಂದಿನ ಸಲ ಬಂದಾಗಲೂ ಹೀಗೇನಾ? ಬೆಳಿಗ್ಗೆ ಎಂಟಕ್ಕೆ ಆಚೆ ಇರಬೇಕಿತ್ತು ನಾನು. ಅಂಗಡಿಯವರು ಬಾಗಿಲು ತೆಗೆದು ಕಾಯ್ತಿರ್ತಾರೆ.”

“ಈ ಗೇಟಿನಲ್ಲಿ ಆಗಲ್ಲ. ಆಚೆಯವರಿಗೂ ಹೇಳಿದೀವಿ. ಬೇರೆ ಏಳು ಕಡೆಗೆ ಇನ್ನೂ ಹೇಳಬೇಕು. ಇವತ್ತೇ ಬರೀತೀನಿ. ಅಲ್ಲಿಯವರು ಅಳಿಸೋವರೆಗೆ ಸ್ವಲ್ಪ ದಿನ ಆ ಕಡೆ ಎಲ್ಲೂ ಹೋಗಬೇಡಿ. ತಪ್ಪಾಯ್ತು. ತಪ್ಪು ನಮ್ಮದು.”

“ಏಳು ಕಡೆಗಾ!” ಆತ ಉಸಿರು ಬಿಟ್ಟದ್ದು ಕೇಳಿಸಿತು. “ಏನಂತ ಬರೀತೀರಿ?”

ಏನಂತ? ಹಿಂದಿನ ಚೀಟಿ ರದ್ದು ಎಂದು ಒಂದು ಸಾಲು ಬರೆದರೆ ನಿಯಮಕ್ಕೆ ಸಾಕು. ಆದರೆ ರದ್ದಾದದ್ದನ್ನು ಓದುವವರು, ಏನೋ ಇತ್ತು, ಯಾಕೋ ಬಿಟ್ಟರು ಎಂದುಕೊಳ್ಳುತ್ತಾರೆ. ಅವಳೇ ಹಾಗೆ ಎಷ್ಟು ಸಲ ಅಂದುಕೊಂಡಿಲ್ಲ. ಎರಡು ವರ್ಷದಲ್ಲಿ ನೂರಾರು ಜನರ ಬಗ್ಗೆ ಬರೆದಿದ್ದಳು. ಅವರಲ್ಲಿ ಒಬ್ಬರ ದನಿಯನ್ನೂ ಕೇಳಿರಲಿಲ್ಲ. ಕುರ್ಚಿ ಎಳೆದುಕೊಂಡು ಮೇಡಂ ಮೆಷಿನ್ನಿನ ಮುಂದೆಯೇ ಕೂತಳು.

“ನೀವು ಹೇಳಿ. ನೀವು ಹೇಳಿದ ಹಾಗೆ ಬರೀತೀನಿ.”

ಆತ ಗಂಟಲು ಸರಿಮಾಡಿಕೊಂಡ. ಮೊದಲು ತಡವರಿಸಿದ, ಆಮೇಲೆ ಕಸುಬಿನ ಮಾತು ಬಂದದ್ದೇ ದನಿ ನೆಟ್ಟಗಾಯಿತು. ತಾನು ತಕ್ಕಡಿ ಸರಿಮಾಡುವವನು, ಆರು ತಿಂಗಳಿಗೊಮ್ಮೆ ಎರಡೂ ಕಡೆಯ ಇನ್ನೂರು ಅಂಗಡಿಗಳಿಗೆ ಹೋಗುವವನು, ಪೆಟ್ಟಿಗೆಯಲ್ಲಿರುವುದು ಮೂಲದ ಬಟ್ಟು, ಅವುಗಳಿಗೆ ಇಟ್ಟು ನೋಡಿಯೇ ಉಳಿದೆಲ್ಲವನ್ನೂ ಸರಿ ತಪ್ಪು ಹೇಳುವುದು, ಮೂಲದ್ದಕ್ಕೇ ಜಿಡ್ಡು ಹತ್ತಿದರೆ ಅಷ್ಟೂ ಅಂಗಡಿ ತಪ್ಪುತ್ತದೆ, ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ನಿಧಾನವಾಗಿ ಟೈಪು ಮಾಡಿದಳು. ಒಂದು ಕಡೆ ಅವಳ ಬೆರಳು ತಡೆಯಿತು, ಮತ್ತೆ ಹೊರಟಿತು. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು, ಮುಗಿದ ಕೂಡಲೇ ಭಾಷೆ ತಿರುಗಿಸಲು ಪೆನ್ನು ಹಿಡಿದು. ಮೇಡಂ ಮೇಜಿನ ಅಂಚಿಗೆ ಒರಗಿ ಕೇಳುತ್ತಿದ್ದರು.

“ಬರೆದದ್ದನ್ನ ಒಂದು ಸಲ ಓದಿ ಹೇಳಿ,” ಎಂದ ಆತ.

ಎಲ್ಲರೂ ಕೇಳುವ ಹಾಗೆ ಅವಳು ಗಟ್ಟಿಯಾಗಿ ಓದಿದಳು. ಮೂರನೆಯ ಸಾಲಿಗೆ ಆತ ತಡೆದ.

“ಅಲ್ಲಲ್ಲ. ಇನ್ನೂರು ಅಂಗಡಿ ಅಂತ ನಾನು ಬಾಯಿಮಾತಿಗೆ ಅಂದಿದ್ದು. ಇನ್ನೂರ ಹನ್ನೆರಡು. ಸರಿಯಾಗಿ ಬರೀರಿ.”

“ಇನ್ನೂರ ಹನ್ನೆರಡು,” ಎಂದಳು ಅವಳು, ಬರೆದಳು.

“ಹಾಂ. ಮುಂದೆ ಓದಿ.”